ಬಾಳೆಗೊನೆಯ ಪಕ್ಕದ ಚೀಲ

ಕೇರಿಯೆಲ್ಲ ಅತ್ತೆ ಎಂದೇ ಕರೆಯುವ ಲೂಯಿಕಾಳ ಅಡುಗೆಮನೆಯಲ್ಲಿ ಅವಳ ಹಳೆಯ ಗೆಳೆಯ ಕ್ಲಾರೆನ್ಸ್ ಫುರ್ತಾದೊ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದ. ಮೊದಲನೇ ಸಲದ್ದು ಹಸಿವಿಗೆ, ಎರಡನೆಯದು ಅಭ್ಯಾಸಕ್ಕೆ. ಅತ್ತೆ ಒಲೆಯ ಮುಂದೆ ನಿಂತು ಚರ್ಚಿನ ಹಾಡೊಂದರ ಮೇಲಿನ ಸಾಲನ್ನು ಗುನುಗುತ್ತಿದ್ದಳು.

"ಇವತ್ತು ಗಂಟಲು ಸರಿಯಾಗೇ ಇದೆಯಲ್ಲ! ಮೊನ್ನೆ ಸಂಜೆ ಜೊಸಾಯನ ಜಗಲೀಲಿ ಇದೇ ಸಾಲಿಗೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿದೆ," ಎಂದ ಕ್ಲಾರೆನ್ಸ್.

"ತಿನ್ನೋ ಬಾಯಿಗೆ ಮಾತು ಕಮ್ಮಿ ಇರ್ಬೇಕು," ಎಂದು ಅತ್ತೆ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಆದರೆ ಆಕೆಗೆ ಆ ಮಾತು ಚುಚ್ಚಿತು. ನಲವತ್ತು ವರ್ಷ ಹಾಡಿದ ಗಂಟಲು ಮೊನ್ನೆ ಕೈಕೊಟ್ಟದ್ದು ಯಾಕೆಂದು ಅವಳಿಗೇ ತಿಳಿದಿರಲಿಲ್ಲ.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಒಳಗೆ ಬಂದವಳು ನೋಹೆಯಾ, ಗಿಟಾರಿನಂಥ ಪುಟ್ಟ ವಾದ್ಯ ಉಕುಲೇಲೆ ಮಾಡುವ ಜೊಸಾಯ ಕೆಯಾವೆಯ ಒಬ್ಬಳೇ ಮಗಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಆದರೂ ಕೈಯಲ್ಲಿ ಎರಡು ಪಪ್ಪಾಯಿ ಇದ್ದವು. ದ್ವೀಪದ ಹಿಲೋ ಊರಿನ ಕೌಮಾನಾ ಕೇರಿಯಲ್ಲಿ, ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳಲು ಓಡುವವರೂ ಕೈ ಬೀಸಿಕೊಂಡು ಹೋಗುವುದಿಲ್ಲ.

"ಅತ್ತೆ, ಅಪ್ಪನ ಉಕುಲೇಲೆ ಕಳುವಾಯ್ತು," ಎಂದಳು. "ನಾಳೆ ನಮ್ಮ ಮಗೂಗೆ ಒಂದು ವರ್ಷ ತುಂಬತ್ತೆ. ಊರೆಲ್ಲ ಬರತ್ತೆ. ಎಲ್ಲರ ಮುಂದೆ ಅದನ್ನ ಮಗು ತೊಡೆ ಮೇಲೆ ಇಡ್ಬೇಕು ಅಂತ ಅಪ್ಪ ಆರು ತಿಂಗಳಿಂದ ಕೂತು ಮಾಡಿದ್ರು. ಕೈ ನಡುಗತ್ತೆ, ಇದೇ ನನ್ನ ಕೊನೇದು ಅಂತಿದ್ರು. ಈಗ ನೋಡಿದ್ರೆ ಇಲ್ಲ. ಕದ್ದಿದ್ದು ನನ್ನ ಗಂಡಾನೇ ಅಂತ ಅಪ್ಪ ಮುಖದ ಮೇಲೇ ಅಂದ್ಬಿಟ್ರು."

"ರುಫಿನೊ ಏನಂದ?"

"ನಾನಲ್ಲ ಅಂದ. ಬಟ್ಟೆ ಚೀಲಕ್ಕೆ ತುಂಬಿ ಇಟ್ಟಿದಾನೆ. ಹಬ್ಬ ಮುಗಿದ ಮೇಲೆ ನಮ್ಮಮ್ಮನ ಮನೇಗೆ ಹೋಗ್ತೀನಿ, ಮಗೂನೂ ಬರತ್ತೆ, ನೀನು ಎಲ್ಲಿರ್ಬೇಕು ಅಂತ ನೀನೇ ಯೋಚ್ನೆ ಮಾಡು ಅಂದ. ನಾನು ಎಲ್ಲಿಗೇಂತ ಹೋಗ್ಲಿ ಅತ್ತೆ? ಒಂದ್ಕಡೆ ಅಪ್ಪ, ಒಂದ್ಕಡೆ ಗಂಡ."

ಲೂಯಿಕಾ ಅತ್ತೆ ಸೆರಗಿಲ್ಲದ ತನ್ನ ಉದ್ದನೆಯ ಹೂವಿನ ನಿಲುವಂಗಿಗೇ ಕೈ ಒರೆಸಿಕೊಂಡಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು ಅವಳು. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರು, ಯಾರ ಊಟ ಯಾರ ಹೊಟ್ಟೆ ಸೇರಿತು ಎಂಬುದನ್ನೆಲ್ಲ ತಲೆಯ ಮೇಲಿನ ಸಣ್ಣ ಕನ್ನಡಿಯಲ್ಲೇ ನೋಡಿ ತಿಳಿದವಳು. ಬಸ್ಸು ಬಿಟ್ಟ ಮೇಲೂ ಆ ಕಣ್ಣು ಹೋಗಿರಲಿಲ್ಲ. ಕೇರಿಯಲ್ಲಿ ಕೋಳಿ ಕಳೆದರೂ ಉಂಗುರ ಕಳೆದರೂ ಜನ ಪೊಲೀಸರಿಗಿಂತ ಮೊದಲು ಇವಳಲ್ಲಿಗೆ ಬರುತ್ತಿದ್ದರು.

"ಗಾಡಿ ತೆಗಿ, ಕ್ಲಾರೆನ್ಸ್," ಎಂದಳು.

ಹೆಂಡತಿ ಸತ್ತ ಮೇಲೆ ಕ್ಲಾರೆನ್ಸನಿಗೆ ಉಳಿದಿದ್ದ ಘನವಾದ ಕೆಲಸ ಎಂದರೆ ಲೂಯಿಕಾಳ ಪಕ್ಕದಲ್ಲಿ ಗಾಡಿ ಓಡಿಸುವುದು ಮತ್ತು ತಪ್ಪು ಊಹೆ ಮಾಡುವುದು. ಎರಡನ್ನೂ ಅವನು ಶ್ರದ್ಧೆಯಿಂದ ಮಾಡುತ್ತಿದ್ದ.

ಜೊಸಾಯನ ಕೆಲಸದ ಕೋಣೆ ಮನೆಯ ಹಿಂದಿನ ಹಳೆಯ ಕಾರು ಶೆಡ್ಡು. ನೆಲದ ತುಂಬ ಕೋವಾ ಮರದ ಕೆಂಪು ಹೊಟ್ಟು. ಗೋಡೆಗೆ ಬಾಗಿಸಿ ಕಟ್ಟಿದ ತೆಳ್ಳನೆಯ ಪಟ್ಟಿಗಳು, ಮೂಲೆಯಲ್ಲಿ ಮರ ಒಣಗಲೆಂದು ಸದಾ ಬಲ್ಬು ಉರಿಯುವ ಕಪಾಟು. ಮೇಲಿನ ತಂತಿಯಲ್ಲಿ ಮೆರುಗು ಹಚ್ಚಿ ಮುಗಿದ ನಾಲ್ಕಾರು ಉಕುಲೇಲೆಗಳು ಕನ್ನಡಿಯಂತೆ ಹೊಳೆಯುತ್ತ ತೂಗುತ್ತಿದ್ದವು. ಅವುಗಳ ಪಕ್ಕ ಒಂದು ಕೊಕ್ಕೆ ಮಾತ್ರ ಖಾಲಿ ಇತ್ತು.

ಜೊಸಾಯ ಮೊಳೆ ಹೊಡೆದ ಹಾಗೆ ಸ್ಟೂಲಿನ ಮೇಲೆ ಕೂತಿದ್ದ. "ಬೆಳಿಗ್ಗೆ ಎಲ್ಲರೂ ಚರ್ಚಿಂದ ಮೇಜು ಕುರ್ಚಿ ತರೋಕೆ ಹೋಗಿದ್ವಿ," ಎಂದ. "ಬಂದು ಅದಕ್ಕೆ ಮೆರುಗಿನ ಎಣ್ಣೆ ಹಚ್ಚೋಣ ಅಂತ ನೋಡಿದ್ರೆ ಕೊಕ್ಕೆ ಖಾಲಿ. ಅವನೊಬ್ಬ ನಮ್ಮ ಜೊತೆ ಬರಲಿಲ್ಲ. ಹಂದಿ ತರೋಕೆ ಹೋಗ್ತೀನಿ ಅಂದ. ಹಂದೀನ ತಂದಿದ್ದು ಅವನ ಚಿಕ್ಕಪ್ಪ! ಹೋದ ವಾರ ಇದೇ ಬಾಗಿಲಲ್ಲಿ ನಿಂತು ಏನಂದ ಗೊತ್ತಾ? ಮರದ ಪುಡಿ ಮಗು ಮೂಗಿಗೆ ಹೋಗತ್ತೆ, ಇದನ್ನೆಲ್ಲ ಒಂದಿನ ಗಾಡೀಲಿ ಹೇರಿಬಿಡ್ತೀನಿ ಅಂದ."

"ಅಲ್ಲಿಗೆ ಸರಿಹೋಯ್ತು," ಎಂದ ಕ್ಲಾರೆನ್ಸ್. "ಹೇರಿಬಿಟ್ಟ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನು ನೀನು," ಎಂದಳು ಅತ್ತೆ. "ಹೇರೋನಾಗಿದ್ರೆ ಇವನ್ನೆಲ್ಲ ಯಾಕೆ ಬಿಟ್ಟ? ಮೆರುಗು ಹಚ್ಚಿದವು ಇಲ್ಲೇ ತೂಗಾಡ್ತಿವೆ. ಮೆರುಗಿಲ್ಲದ್ದೊಂದೇ ಹೋಗಿದೆ."

ಆ ಉಕುಲೇಲೆಯನ್ನು ಕ್ಲಾರೆನ್ಸ್ ಮೊನ್ನೆ ಸಂಜೆಯಷ್ಟೇ ಕಂಡಿದ್ದ. ಜೊಸಾಯ ಮೊದಲ ಸಲ ತಂತಿ ಬಿಗಿದು ಜಗಲಿಗೆ ತಂದಿದ್ದ. ಎಲ್ಲರೂ ಬಿಯರು ಹಿಡಿದು ಕೂತಿದ್ದರು. ಕೆಳಗಿನ ಮೆಟ್ಟುಗಳಲ್ಲಿ ನುಡಿಸುವಾಗ ನಾದ ಜೇನಿನ ಹಾಗೆ ಬರುತ್ತಿತ್ತು. ಲೂಯಿಕಾ ಹಾಡಿದಳು. ಮೇಲಿನ ಸಾಲು ಬಂತು, ಜೊಸಾಯನ ಕೈ ಉಕುಲೇಲೆಯ ಕತ್ತಿನ ಮೇಲಿನ ಮೆಟ್ಟುಗಳಿಗೆ ಏರಿತು, ಅಲ್ಲೇ ಅವಳ ದನಿ ಎಡವಿತು. ಅದೇ ಹೊತ್ತಿಗೆ ಬೇಲಿಯಾಚೆಯ ಮನೆಯ ಶಿಗೆಯೋ ತನ್ನ ಕಿಟಕಿಯನ್ನು ದಡಾರನೆ ಮುಚ್ಚಿದ. "ನೋಡು, ಹೊಟ್ಟೆಕಿಚ್ಚು!" ಎಂದು ಜೊಸಾಯ ನಕ್ಕಿದ್ದ. ಎಲ್ಲರೂ ನಕ್ಕಿದ್ದರು.

ಶಿಗೆಯೋ ಕೂಡ ಉಕುಲೇಲೆ ಮಾಡುವವನೇ. ಇಬ್ಬರೂ ಹುಡುಗರಾಗಿದ್ದಾಗಿನಿಂದ ಜೊತೆ. ಎಂಟು ವರ್ಷದ ಹಿಂದೆ ಒಂದು ಮದುವೆಯಲ್ಲಿ ಜೊಸಾಯ ನುಡಿಸುತ್ತಿದ್ದಾಗ ಶಿಗೆಯೋ ಎಲ್ಲರ ಮುಂದೆ, "ನಿನ್ನದು ಮೇಲೆ ಹೋದ್ರೆ ಶ್ರುತಿ ತಪ್ಪತ್ತೆ," ಎಂದಿದ್ದ. "ನೀನು ಮಾಡೋ ಪೆಟ್ಟಿಗೇಲಿ ಅಕ್ಕಿ ತುಂಬಿಡಬಹುದು, ಅಷ್ಟೇ," ಎಂದು ಜೊಸಾಯ ತಿರುಗಿ ಹೇಳಿದ. ಅಂದಿನಿಂದ ಮಾತಿಲ್ಲ. ಹೆಂಡತಿಯರು ಮಾತ್ರ ಬೇಲಿಯ ಸಂದಿಯಲ್ಲಿ ಓಡಾಟ ಬಿಡಲಿಲ್ಲ. ಜೊಸಾಯನ ಹೆಂಡತಿ ತೀರಿಹೋದ ಮೇಲೂ ಶಿಗೆಯೋನ ಹೆಂಡತಿ ಕಿಮಿಯೆ ನೋಹೆಯಾಳನ್ನು ನೋಡಲು ಬರುತ್ತಲೇ ಇದ್ದಳು.

ಅತ್ತೆ ಬಾಗಿಲ ಹೊರಗೆ ನೆರಳಿನಲ್ಲಿ ಗುಡ್ಡೆ ಹಾಕಿದ್ದ ಸಾಮಾನುಗಳನ್ನು ನೋಡುತ್ತ ನಿಂತಳು. ನಾಳಿನ ಊಟಕ್ಕೆಂದು ಬಂದವರು ಇಟ್ಟುಹೋದದ್ದು.

"ಬಾಳೆಗೊನೆ ಪಾದ್ರಿಗಳದ್ದು," ಎಂದಳು ನೋಹೆಯಾ. "ನಾವು ಚರ್ಚಿಗೆ ಹೊರಡೋ ಮೊದಲೇ ಅವರು ತಂದಿಟ್ರು. ಕೆಸುವಿನೆಲೆ ನಮ್ಮ ದೊಡ್ಡಪ್ಪನ ಗದ್ದೇದು. ಬೆಣ್ಣೆಹಣ್ಣಿನ ಚೀಲ ಯಾರದ್ದೋ ಗೊತ್ತಿಲ್ಲ. ಬಂದಾಗ ಗೊನೆ ಪಕ್ಕ ಇತ್ತು. ಯಾರಾದ್ರೂ ಇಟ್ಟಿರ್ತಾರೆ ಬಿಡಿ, ಅತ್ತೆ."

ಕ್ಲಾರೆನ್ಸ್ ಆಗಲೇ ಒಂದನ್ನು ಬಗೆದು ಚಮಚಕ್ಕಾಗಿ ಹುಡುಕುತ್ತಿದ್ದ. ಚಮಚ ಸಿಗದೆ ಬೆರಳಿನಲ್ಲೇ ಶುರುಮಾಡಿದ. "ಆಹಾ! ಒಂದು ನಾರಿಲ್ಲ. ಬೀಜ ನೋಡು, ಗೋಲಿಯಷ್ಟು. ಉಳಿದಿದ್ದೆಲ್ಲ ತಿರುಳೇ. ಇಂಥಾ ಹಣ್ಣು ನಾನು ತಿಂದೇ ಇಲ್ಲ."

"ನೀನು ತಿನ್ನದೇ ಇರೋ ಹಣ್ಣೂ ಈ ಕೇರೀಲಿ ಇದೆಯಾ?" ಎಂದು ಅತ್ತೆ ಕೈ ಚಾಚಿ ಬೀಜ ತೆಗೆದುಕೊಂಡು, ಒರೆಸಿ, ಜೇಬಿಗೆ ಹಾಕಿಕೊಂಡಳು.

ಹಿತ್ತಿಲಲ್ಲಿ ರುಫಿನೊ ಹಂದಿಯನ್ನು ಹೂತು ಬೇಯಿಸುವ ಗುಂಡಿ ತೋಡುತ್ತಿದ್ದ. ಹಾರೆಯ ಏಟಿನಲ್ಲೇ ಅವನ ಸಿಟ್ಟು ಕೇಳುತ್ತಿತ್ತು. ಅತ್ತೆ ಅವನ ಕೈಗೆ ನೀರಿನ ಲೋಟ ಕೊಟ್ಟಳು.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ಯಪ್ಪಾ?"

"ಎಲ್ಲಿಗೋ."

"ಹೇಳಿದ್ರೆ ನಿನಗೇ ಒಳ್ಳೇದು."

"ಅತ್ತೆ, ನಾನು ಕದ್ದಿಲ್ಲ. ಅದಕ್ಕಿಂತ ಜಾಸ್ತಿ ಹೇಳಲ್ಲ. ಹೇಳಿದ್ರೆ ಮಾವ ನಗ್ತಾರೆ. ಕಳ್ಳ ಅನ್ನಿಸಿಕೊಂಡ್ರೂ ಪರವಾಗಿಲ್ಲ, ಅವರ ಆ ನಗು ಮಾತ್ರ ನಂಗೆ ಬೇಡ."

ಅತ್ತೆ ಲೋಟ ವಾಪಸು ತೆಗೆದುಕೊಳ್ಳುವಾಗ ಅವನ ಎಡಗೈಯನ್ನು ಒಂದು ಕ್ಷಣ ಹಿಡಿದುಕೊಂಡಳು. ಹಾರೆ ಹಿಡಿದ ಅಂಗೈ ದಡ್ಡುಗಟ್ಟಿತ್ತು, ಅದರಲ್ಲಿ ವಿಶೇಷವಿಲ್ಲ. ಆದರೆ ಬೆರಳ ತುದಿಗಳಲ್ಲಿ ತೆಳ್ಳನೆಯ ಕೆಂಪು ಗೀರುಗಳಿದ್ದವು. ಕ್ಲಾರೆನ್ಸನೂ ಅದನ್ನು ನೋಡಿದ. ಗೀರಿಗೂ ಕಳ್ಳತನಕ್ಕೂ ನಂಟು ಹಾಕಿ ಒಳಗೊಳಗೇ ಗೆದ್ದ.

ಆಗ ಬೇಲಿಯ ಸಂದಿಯಲ್ಲಿ ಕಿಮಿಯೆ ನುಸುಳಿ ಬಂದಳು, ಕೈಯಲ್ಲಿ ಅಕ್ಕಿಹಿಟ್ಟಿನ ಸಿಹಿಯುಂಡೆಗಳ ತಟ್ಟೆ. "ನೋಹೆಯಾ, ನಿಮ್ಮ ಇಸ್ತ್ರಿಪೆಟ್ಟಿಗೆ ಸ್ವಲ್ಪ ಕೊಡ್ತೀಯೇನಮ್ಮ? ನಾಳೆಗೆ ಉಡುಪು ಇಸ್ತ್ರಿ ಮಾಡೋಣ ಅಂದ್ರೆ ನಮ್ಮದು ಎಲ್ಲೋ ಮಾಯ! ನಮ್ಮ ಮನೆಯವರನ್ನ ಕೇಳಿದ್ರೆ ನಂಗೇನು ಗೊತ್ತು ಅಂತ ರೇಗ್ತಾರೆ. ಇವತ್ತು ಅವರಿಗೆ ಏನಾಗಿದೆಯೋ ಕಾಣೆ. ಎಂದೂ ಇಲ್ಲದೆ ಶೆಡ್ಡಿನ ಬಾಗಿಲು ಹಾಕ್ಕೊಂಡು ಕೂತಿದಾರೆ, ಊಟಕ್ಕೂ ಬಂದಿಲ್ಲ."

ಲೂಯಿಕಾ ಅತ್ತೆ ಒಮ್ಮೆ ಕಿಮಿಯೆಯನ್ನು ನೋಡಿದಳು, ಒಮ್ಮೆ ಬೇಲಿಯನ್ನು ನೋಡಿದಳು. ಬಸ್ಸಿನ ಕನ್ನಡಿಯಲ್ಲಿ ಜಡೆ ಎಳೆದ ಹುಡುಗ ಸಿಕ್ಕಿಬಿದ್ದಾಗ ಅವಳಿಗೆ ಬರುತ್ತಿದ್ದ ಮುಖ ಅದು. ಕ್ಲಾರೆನ್ಸ್ ಆ ಮುಖ ಬಲ್ಲ. ಯಾಕೆ ಎಂದು ಮಾತ್ರ ತಿಳಿಯಲಿಲ್ಲ.

"ಕಿಮಿಯೆ, ಸಂಜೆ ಎಲೆ ಸುತ್ತೋಕೆ ಕೈ ಸಾಲಲ್ಲ," ಎಂದಳು ಅತ್ತೆ. "ನಿನ್ನ ಗಂಡನ್ನೂ ಕರ್ಕೊಂಡು ಬಾ. ಲೂಯಿಕಾ ಕರೆದಳು ಅಂತ ಹೇಳು. ಬರ್ದಿದ್ರೆ ನಾನೇ ಬರ್ತೀನಿ ಅಂತಾನೂ ಹೇಳು."

ಸಂಜೆ ಹಬ್ಬಕ್ಕೆಂದು ಅಂಗಳದಲ್ಲಿ ಹಾಕಿದ ಡೇರೆಯ ಕೆಳಗೆ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತರು. ಕೆಸುವಿನೆಲೆಯಲ್ಲಿ ಹಂದಿಮಾಂಸದ ತುಂಡು, ಉಪ್ಪು ಹಾಕಿದ ಮೀನು ಇಟ್ಟು, ಮಡಿಸಿ, ಹೊರಗೊಂದು ಎಲೆ ಸುತ್ತಿ ಕಟ್ಟುವುದು. ನಾಳಿನ ಲಾವ್‌ಲಾವ್ ಅದು. ಮೇಜಿನ ಒಂದು ತುದಿಯಲ್ಲಿ ಜೊಸಾಯ, ಇನ್ನೊಂದು ತುದಿಯಲ್ಲಿ ರುಫಿನೊ. ನಡುವೆ ನೋಹೆಯಾ ತಲೆ ಬಗ್ಗಿಸಿ ಎಲೆ ಒರೆಸುತ್ತಿದ್ದಳು. ಮನೆಯ ಬಾಗಿಲಲ್ಲಿ ಬಟ್ಟೆ ತುಂಬಿದ ಚೀಲ ಎಲ್ಲರಿಗೂ ಕಾಣುವಂತೆ ಕೂತಿತ್ತು.

ಕಿಮಿಯೆ ಬಂದಳು. ಹಿಂದೆ ಶಿಗೆಯೋ ಬಂದು ಡೇರೆಯ ಅಂಚಿನಲ್ಲಿ ನಿಂತ. ಎಂಟು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟವನು ಯಾರನ್ನೂ ನೋಡದೆ ಕೈಯಲ್ಲಿದ್ದ ಕಾಗದದ ಚೀಲವನ್ನು ಮೇಜಿನ ಮೇಲಿಟ್ಟ.

"ಏನಿದು, ಶಿಗೆಯೋ?" ಎಂದಳು ಅತ್ತೆ.

"ಬೆಣ್ಣೆಹಣ್ಣು. ಬರಿಗೈಲಿ ಹೇಗೆ ಬರ್ಲಿ?"

"ಕ್ಲಾರೆನ್ಸ್, ಒಂದು ಹಣ್ಣು ಬಗಿ."

ಇಂಥ ಅಪ್ಪಣೆಯನ್ನು ಕ್ಲಾರೆನ್ಸ್ ಎಂದೂ ಎರಡು ಸಲ ಹೇಳಿಸಿಕೊಂಡವನಲ್ಲ. ಬಗೆದ. ಬೀಜ ಗೋಲಿಯಷ್ಟಿತ್ತು. ಅತ್ತೆ ಜೇಬಿನಿಂದ ಮಧ್ಯಾಹ್ನದ ಬೀಜ ತೆಗೆದು ಅದರ ಪಕ್ಕದಲ್ಲಿಟ್ಟಳು. ಅವಳಿಜವಳಿಯಂತೆ ಎರಡೂ ಮೇಜಿನ ಮೇಲೆ ಕೂತವು. ಶಿಗೆಯೋ ಅವನ್ನು ನೋಡಿ ತಟ್ಟನೆ ಕೈ ಹಿಂದಕ್ಕೆ ಕಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ನಾನು ಕಳ್ಳನ್ನ ಹುಡುಕಲಿಲ್ಲ," ಎಂದಳು ಅತ್ತೆ. "ಹಣ್ಣು ಇಟ್ಟೋರನ್ನ ಹುಡುಕಿದೆ. ಉಡುಗೊರೆ ಕೊಟ್ಟೋರು ನಾನು ಕೊಟ್ಟೆ ಅಂತ ಒಂದು ಕೂಗಾದ್ರೂ ಹಾಕ್ತಾರೆ. ಈ ಚೀಲಕ್ಕೆ ಬಾಯೇ ಇರಲಿಲ್ಲ. ಮನೇಲಿ ಯಾರೂ ಇಲ್ಲದಾಗ ಬಂತು, ಅದೇ ಹೊತ್ತಲ್ಲಿ ಉಕುಲೇಲೆ ಹೋಯ್ತು. ಈ ಕೇರೀಲಿ ಹುಟ್ಟಿ ಬೆಳೆದೋನು ಕದಿಯೋಕೆ ಹೋದ್ರೂ ಬರಿಗೈಲಿ ಹೋಗಲ್ಲ. ಕೈ ಕೇಳಲ್ಲ. ಈಗಲೂ ಕೇಳಲಿಲ್ಲ ನೋಡಿ."

ಜೊಸಾಯ ಎದ್ದು ನಿಂತ. "ಹಾಗಾದ್ರೆ ನೀನಾ? ಇಷ್ಟು ವರ್ಷ ಹೊಟ್ಟೇಲಿ ಕಿಚ್ಚಿಟ್ಕೊಂಡು..."

"ಕೂತ್ಕೋ, ಜೊಸಾಯ," ಎಂದಳು ಅತ್ತೆ. "ಕಿಚ್ಚಿದ್ದೋನು ನಿನ್ನ ಮೆರುಗಿನವನ್ನ ಒಡೆದು ಹಾಕ್ತಿದ್ದ. ದುಡ್ಡಿನ ಆಸೆ ಇದ್ದೋನು ಅವನ್ನ ಒಯ್ತಿದ್ದ. ಇವನಿಗೆ ಬೇಕಿದ್ದಿದ್ದು ಒಂದೇ, ಮೆರುಗು ಹಚ್ಚದೇ ಇರೋದು. ಮೆರುಗು ಹಚ್ಚಿದ ಮೇಲೆ ಅಂಟು ಬಿಡಿಸಿದ್ರೆ ಕಲೆ ಉಳಿಯತ್ತೆ. ಇವತ್ತು ತಪ್ಪಿದ್ರೆ ಆಗ್ತಿರಲಿಲ್ಲ."

"ಅಂಟು ಯಾಕೆ ಬಿಡಿಸ್ಬೇಕು?" ಎಂದ ಜೊಸಾಯ.

ಅತ್ತೆ ಎರಡು ಬೀಜಗಳನ್ನೂ ಮೇಜಿನ ಅಂಚಿಗೆ ಸರಿಸಿದಳು. ಹೇಳಲು ಅವಳಿಗೆ ಮನಸ್ಸಿರಲಿಲ್ಲ ಎಂಬುದು ಕ್ಲಾರೆನ್ಸನಿಗೂ ತಿಳಿಯಿತು. "ಮೊನ್ನೆ ನನ್ನ ದನಿ ಒಡೀತಲ್ಲ, ವಯಸ್ಸಾಯ್ತು ಅಂದ್ಕೊಂಡೆ. ಇವತ್ತು ಒಲೆ ಮುಂದೆ ಅದೇ ಸಾಲು ಸರಾಗ ಬಂತು. ಹಾಗಾದ್ರೆ ತಪ್ಪು ನನ್ನ ಗಂಟಲಲ್ಲಿ ಇರಲಿಲ್ಲ. ಕೆಳಗೆ ಶ್ರುತಿ ಸರಿಯಿತ್ತು, ನಿನ್ನ ಕೈ ಮೇಲೆ ಹೋದಾಗ ತಪ್ತು. ನಾನು ಅದರ ಹಿಂದೆ ಹೋಗಿ ಎಡವಿದೆ. ನಾವೆಲ್ಲ ಬಿಯರ್ ಕುಡೀತಾ ಚಪ್ಪಾಳೆ ಹೊಡೆದ್ವಿ. ಕೇಳಿಸ್ಕೊಂಡೋನು ಒಬ್ಬನೇ, ಸಹಿಸೋಕಾಗದೆ ಕಿಟಕಿ ಮುಚ್ಚಿದ. ಆಮೇಲೆ ಕಿಮಿಯೆ ಮನೆ ಇಸ್ತ್ರಿಪೆಟ್ಟಿಗೆ ಕಾಣೆಯಾಯ್ತು. ಮರದ ಅಂಟು ಸಡಿಲ ಮಾಡೋಕೆ ಹದವಾದ ಬಿಸಿ ಬೇಕು, ಅದು ನಿಂಗೆ ನನಗಿಂತ ಚೆನ್ನಾಗಿ ಗೊತ್ತು."

ಎಲ್ಲರ ಕೈಯಲ್ಲೂ ಎಲೆ ಹಾಗೇ ನಿಂತಿತ್ತು. ಶಿಗೆಯೋ ನೆಲ ನೋಡುತ್ತ ಬಾಯಿಬಿಟ್ಟ.

"ಒಂದು ಅಕ್ಕಿಕಾಳಷ್ಟು. ತಂತಿ ಕೂರೋ ಕುದುರೆ ಒಂದು ಅಕ್ಕಿಕಾಳಷ್ಟು ಮುಂದೆ ಅಂಟಿತ್ತು. ಬಿಚ್ಚಿ ಹಿಂದಕ್ಕೆ ಕೂರಿಸಿದೀನಿ. ಮಧ್ಯಾಹ್ನದೊಳಗೆ ತಂದು ಕೊಕ್ಕೆಗೆ ಹಾಕೋಣ ಅಂತಿದ್ದೆ. ಈ ಹಾಳು ತೇವಕ್ಕೆ ಅಂಟು ಒಣಗಲಿಲ್ಲ. ಇಲ್ಲಿ ಗಲಾಟೆ ಆಗಿದ್ದು ನಂಗೆ ಗೊತ್ತಾಗಲಿಲ್ಲ, ಬಾಗಿಲು ಹಾಕ್ಕೊಂಡಿದ್ದೆ."

"ಬಂದು ಹೇಳೋಕೆ ಏನಾಗಿತ್ತು ನಿಂಗೆ?" ಎಂದ ಜೊಸಾಯ.

"ಹೋದ ಸಲ ಹೇಳಿದ್ದಕ್ಕೆ ಎಂಟು ವರ್ಷ ಮಾತು ಬಿಟ್ಟೆ."

ಜೊಸಾಯ ಕುರ್ಚಿ ಎಳೆದುಕೊಂಡು ಕೂತ.

"ಆ ಉಕುಲೇಲೆ ಮರ ನಾವಿಬ್ರೂ ಬೆಟ್ಟದಿಂದ ಹೆಗಲ ಮೇಲೆ ಇಳಿಸಿದ್ದು," ಎಂದ ಶಿಗೆಯೋ. "ಅರ್ಧ ನಿಂಗೆ, ಅರ್ಧ ನಂಗೆ. ನನ್ನರ್ಧ ಇನ್ನೂ ಹಾಗೇ ಇದೆ. ನೋಡಿದ ಕೂಡ್ಲೆ ಗುರುತು ಸಿಕ್ತು. ಅದು ಮಗು ಹಬ್ಬದ ದಿನ ಊರೆದುರು ಅಪಸ್ವರ ನುಡಿಯೋದು ನಂಗೆ ಬೇಡವಾಗಿತ್ತು. ನಿನ್ನ ಮುಖ ಸಣ್ಣಗಾಗೋದೂ ಬೇಡವಾಗಿತ್ತು."

ಜೊಸಾಯ ತನ್ನ ಎಡಗಿವಿಯನ್ನು ಮೆಲ್ಲಗೆ ಮುಟ್ಟಿಕೊಂಡ. "ಕೇಳಲ್ಲ, ಶಿಗೆಯೋ," ಎಂದ. "ಮೇಲಿನ ಸ್ವರ ಈಗೀಗ ಕೇಳೋದೇ ಇಲ್ಲ. ಯಾರಿಗೂ ಹೇಳಿಲ್ಲ." ಆ ಮುದುಕನ ಮೇಲೆ ಕ್ಲಾರೆನ್ಸನಿಗೆ ಆ ಹೊತ್ತು ಉಕ್ಕಿಬಂದ ಪ್ರೀತಿಗೆ ಅವನ ಕಣ್ಣೇ ಮಂಜಾಯಿತು. ಅಡಗಿಸಲು ಅರ್ಧ ಬೆಣ್ಣೆಹಣ್ಣು ಬಾಯಿಗೆ ಹಾಕಿಕೊಂಡ.

"ಇನ್ನು ರುಫಿನೊ," ಎಂದಳು ಅತ್ತೆ. "ಹಾರೆ ಹಿಡಿದ್ರೆ ಅಂಗೈ ಕೆಡತ್ತೆ. ಎಡಗೈ ಬೆರಳ ತುದಿ ಗೀರೋದು ತಂತಿ ಒತ್ತಿದ್ರೆ ಮಾತ್ರ. ಎಲ್ಲಿ ಕಲೀತಿದೀಯಪ್ಪಾ?"

ರುಫಿನೊ ಕೆಂಪಗಾದ. "ಗೆಳೆಯನ ಮನೇಲಿ, ಒಂದು ತಿಂಗಳಿಂದ. ಇವತ್ತು ಬೆಳಿಗ್ಗೆ ಹೋಗಿದ್ದೂ ಅಲ್ಲಿಗೇ. ನಾಳೆ ಮಗೂಗೆ ಒಂದು ಹಾಡಾದ್ರೂ ನುಡಿಸೋಣ ಅಂತ. ಮಾವ ಯಾವಾಗ್ಲೂ ಅಂತಾರಲ್ಲ, ಇವನ ಬೆರಳು ಹಾರೆಗೇ ಸರಿ ಅಂತ. ನುಡಿಸೋಕೆ ಬರೋವರೆಗೆ ಗೊತ್ತಾಗೋದು ಬೇಡ ಅಂದ್ಕೊಂಡೆ."

ನೋಹೆಯಾ ಅಳುತ್ತಲೇ ನಕ್ಕಳು. ಜೊಸಾಯ ಮೇಜಿನ ಉದ್ದಕ್ಕೂ ನಡೆದು ಅಳಿಯನ ಮುಂದೆ ನಿಂತ. "ತಪ್ಪು ನಂದು, ಮಗಾ," ಎಂದ. "ಕಳ್ಳ ಅಂದಿದ್ದೂ ತಪ್ಪು, ನಕ್ಕಿದ್ದೂ ತಪ್ಪು." ಆಮೇಲೆ ತಾನೇ ಹೋಗಿ ಬಟ್ಟೆಯ ಚೀಲವನ್ನು ಎತ್ತಿ ಒಳಗಿನ ಕೋಣೆಯಲ್ಲಿಟ್ಟು ಬಂದ.

ಮರುದಿನ ಮಧ್ಯಾಹ್ನ, ರಾತ್ರಿಯೆಲ್ಲ ಜೊಸಾಯನ ಬಲ್ಬಿನ ಕಪಾಟಿನಲ್ಲಿಟ್ಟು ಅಂಟು ಒಣಗಿಸಿದ ಮೆರುಗಿಲ್ಲದ ಉಕುಲೇಲೆಯನ್ನು ಮಗುವಿನ ತೊಡೆಯ ಮೇಲಿಟ್ಟರು. ಮಗು ಅದರ ತಲೆಯನ್ನು ಕಚ್ಚಿ ನೋಡಿತು. ಎಲ್ಲರಿಗೂ ತೃಪ್ತಿಯಾಯಿತು. ಆಮೇಲೆ ರುಫಿನೊ ಅದನ್ನು ತೆಗೆದುಕೊಂಡು, ಬೆವರುತ್ತ, ನಾಲಿಗೆ ಕಚ್ಚಿಕೊಂಡು ನುಡಿಸಿದ. ಎರಡು ಕಡೆ ತಪ್ಪಿದ, ಮೂರನೆಯ ಕಡೆ ನಿಂತೇಬಿಟ್ಟ. "ತಾಳ ಬಿಡಬೇಡ, ಹೋಗ್ತಾ ಇರು!" ಎಂದು ಜೊಸಾಯ ಪಕ್ಕದಲ್ಲಿ ಕೂತು ತೊಡೆ ತಟ್ಟಿದ. ಲೂಯಿಕಾ ಅತ್ತೆ ಮೇಲಿನ ಸಾಲು ಎತ್ತಿದಳು. ದನಿ ಎಲ್ಲೂ ಎಡವಲಿಲ್ಲ. ಕ್ಲಾರೆನ್ಸ್ ಬೇಲಿಯತ್ತ ನೋಡಿದ. ಶಿಗೆಯೋನ ಕಿಟಕಿ ಪೂರ್ತಿ ತೆರೆದಿತ್ತು, ಆದರೆ ಅದರ ಒಡೆಯ ಅಲ್ಲಿರಲಿಲ್ಲ. ಇಲ್ಲೇ ಡೇರೆಯ ಕೆಳಗೆ ಮಗುವನ್ನು ಎತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ.

ಸಂಜೆ ಜನ ಹೊರಡುವಾಗ ಜೊಸಾಯ ಶಿಗೆಯೋ ತಂದಿದ್ದ ಆ ಕಾಗದದ ಚೀಲ ಹಿಡಿದು ಬಂದ. ಕೊಟ್ಟವರ ಚೀಲವನ್ನು ಖಾಲಿ ವಾಪಸು ಕೊಡುವ ರೂಢಿ ಕೌಮಾನಾದಲ್ಲಿ ಇಲ್ಲ. ಅದರ ತುಂಬ ಲಾವ್‌ಲಾವ್ ಇತ್ತು. ಮೇಲೊಂದು ಸವೆದ ಮರದ ಅಳತೆಕೋಲು ಇಣುಕುತ್ತಿತ್ತು. ಜೊಸಾಯ ಕುದುರೆಯ ಜಾಗ ಗುರುತಿಸಲು ಜೀವಮಾನವಿಡೀ ಹಿಡಿದ ಕೋಲು ಅದು.

"ಇದ್ಯಾಕೆ?" ಎಂದ ಶಿಗೆಯೋ.

"ಕೈ ನಡುಗಿದ್ರೂ ಮರ ಕೊರೀತೀನಿ. ಇನ್ಮೇಲೆ ಕುದುರೆ ಕೂರಿಸೋದು ನಿನ್ನ ಕೆಲಸ. ನಿನ್ನ ಹತ್ರ ಆ ಮರದ ಇನ್ನರ್ಧ ಇದೆ ಅಂದ್ಯಲ್ಲ, ಸೋಮವಾರ ತಗೊಂಡು ಬಾ."

ಶಿಗೆಯೋ ಕೋಲನ್ನು ತಿರುಗಿಸಿ ನೋಡಿದ, ಚೀಲದೊಳಗೆ ಮೂಗಿಟ್ಟು ಮೂಸಿದ. "ಉಪ್ಪು ಜಾಸ್ತಿ ಆಗಿಲ್ಲ ತಾನೆ?"

"ತಿಂದು ನೋಡಿ ಹೇಳು," ಎಂದ ಜೊಸಾಯ. "ಈ ಸಲ ಮಾತು ಬಿಡಲ್ಲ."